‘ಸಿಸ್ಟಂ ಹಾಗೆ ತೋರಿಸ್ತಿದೆ’ ಅಂದರೆ ಹೊಣೆ ಯಾರು?

ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಕೆರೆ ಏರಿ ಒಡೆದು ಕೆಳಗಿನ ತೋಟ ಕೊಚ್ಚಿಹೋದರೆ ನಾವು ಮೊದಲು ಕೇಳುವುದು, ಇದಕ್ಕೆ ಹೊಣೆ ಯಾರು ಅಂತ. ಕೋರ್ಟುಗಳಿಗೂ ಇದು ಹಳೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ಗಿರಣಿ ಮಾಲೀಕನೊಬ್ಬ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತು. ಎಡವಟ್ಟು ಮಾಡಿದ್ದು ಗುತ್ತಿಗೆದಾರರು. ಆದರೂ ನೀರು ನಿಲ್ಲಿಸಿಕೊಂಡವನೇ ನಷ್ಟ ತುಂಬಬೇಕು ಎಂದು 1868ರಲ್ಲಿ ತೀರ್ಪಾಯಿತು.

ನಮ್ಮ ದೇಶದಲ್ಲಿ ಈ ಮಾತು ಕರೆಂಟಿಗೂ ಬಂತು. ಮಧ್ಯಪ್ರದೇಶದಲ್ಲಿ 1997ರ ಒಂದು ಮಳೆ ರಾತ್ರಿ, ಸೈಕಲ್ಲಿನಲ್ಲಿ ಮನೆಗೆ ಹೊರಟಿದ್ದ ಕಾರ್ಮಿಕರೊಬ್ಬರು ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸತ್ತರು. ಬೇರೆ ಯಾರೋ ಕರೆಂಟು ಕದಿಯಲು ಎಳೆದ ತಂತಿ ಅದು, ನಮ್ಮ ತಪ್ಪಲ್ಲ ಎಂದಿತು ವಿದ್ಯುತ್ ಮಂಡಳಿ. 2002ರಲ್ಲಿ ಸುಪ್ರೀಂ ಕೋರ್ಟ್ ಆ ನೆಪ ಒಪ್ಪಲಿಲ್ಲ.

ಈಗಿನ ನೆಪ ಕಂಪ್ಯೂಟರಿನದು. ತೆಲಂಗಾಣದಲ್ಲಿ ಅದರ ಲೆಕ್ಕ ನಂಬಿ ಸುಮಾರು 19 ಲಕ್ಷ ರೇಷನ್ ಕಾರ್ಡ್ ರದ್ದಾದವು. ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮಗಿದು ಅರ್ಧ ನ್ಯಾಯ ಅನ್ನಿಸುತ್ತದೆ. ಕಾರ್ಡ್ ವಾಪಸ್ ಬಂದರೂ, ಉಪವಾಸ ಕಳೆದ ದಿನ ವಾಪಸ್ ಬರುತ್ತದೆಯೇ?

ಎಐ ಹಾನಿಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತುವಿನ ದೋಷದಿಂದ ಹಾನಿಯಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಿಸಿದವರನ್ನೂ ಮಾರಿದವರನ್ನೂ ಕೇಳಬಹುದು. ತುಮಕೂರಿನಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. ರೇಷನ್ನಿಗೆ ಆ ದಾರಿ ಸುಲಭವಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ, ಕಾರ್ಡ್ ತೆಗೆದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಪಡೆಯಿರಿ.