ಬೇಲಿಯ ಮದ್ದು, ಸೀಸೆಯ ಮದ್ದು

ಫಲ್ಗುಣಿ ನದಿಯ ದಂಡೆಯ ವೇಣೂರಿನಲ್ಲಿ ಅಜಿಲ ಅರಸ ತಿಮ್ಮಣ್ಣಾಜಿಲ 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಕಳೆದ ಸಲದ್ದು 2024ರ ಫೆಬ್ರವರಿ ಕೊನೆಯಲ್ಲಿ ನಡೆಯಿತು. ಅಟ್ಟಳಿಗೆಯ ಮೇಲಿಂದ ಸುರಿಯುವ ದ್ರವ್ಯಗಳ ಹೆಸರು ಕೇಳಿ: ನೀರು, ಎಳನೀರು, ಕಬ್ಬಿನ ಹಾಲು, ದನದ ಹಾಲು, ಅಕ್ಕಿ ಹಿಟ್ಟು, ಅರಿಶಿನ, ಕಷಾಯ, ಗಂಧ, ಕೇಸರಿ. ಧರ್ಮದ ಅರ್ಥ ಏನೇ ಇರಲಿ, ಕೆಳಗೆ ನಿಂತು ಕತ್ತೆತ್ತಿ ನೋಡುವ ಅಜ್ಜಿಯೊಬ್ಬಳಿಗೆ ಇದರಲ್ಲಿ ಗುರುತಿಲ್ಲದ ಸಾಮಾನು ಹೆಚ್ಚೇನಿಲ್ಲ. ಕೇಸರಿಯೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅಡುಗೆಮನೆ, ಹಟ್ಟಿ, ತೋಟದ್ದು. ಮೊಮ್ಮಗುವನ್ನು ಮೀಯಿಸುವಾಗ ಅವಳ ಕೈಗೆ ಬರುತ್ತಿದ್ದದ್ದೂ ಅದೇ ಅಕ್ಕಿ ಹಿಟ್ಟು, ಅದೇ ಅರಿಶಿನ.

ಮನೆಮದ್ದು ಎಂಬ ಮಾತು ಈಗ ಯೂಟ್ಯೂಬಿನ ವಿಡಿಯೋದಲ್ಲೂ ಇದೆ, ಸೋಪಿನ ಹೊದಿಕೆಯಲ್ಲೂ ಇದೆ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಸೀಮೆಯಲ್ಲಿ ಅದರ ಜಾಡು ಹಿಡಿದು ಹಿಂದಕ್ಕೆ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸಾಮಾನು ಸಾವಿರ ವರ್ಷದಲ್ಲಿ ಬಹಳ ಬದಲಾಗಿಲ್ಲ. ಎಷ್ಟು, ಯಾವಾಗ, ಯಾರ ಕೈಯಿಂದ ಎನ್ನುವುದು ಮಾತ್ರ ಪೂರ್ತಿ ಬದಲಾಗಿದೆ.

ಇದಕ್ಕೆ ಆಟಿ ಅಮಾವಾಸ್ಯೆಯ ಪಾಲೆ ಕಷಾಯಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು ಆಟಿ. ಗದ್ದೆಯ ನೇಜಿ ಕೆಲಸ ಮುಗಿದು, ಕಣಜ ಬರಿದಾಗಿ, ಜ್ವರ ನೆಗಡಿ ಮನೆಮನೆ ಸುತ್ತುವ ಕಾಲ. ಆ ತಿಂಗಳ ಅಮಾವಾಸ್ಯೆಯ ನಸುಕಿನಲ್ಲಿ ಗಂಡಸರು ಪಾಲೆ ಮರದ ಬುಡಕ್ಕೆ ಹೋಗಿ ಕಲ್ಲಿನಿಂದ ಕುಟ್ಟಿ ಕೆತ್ತೆ ತೆಗೆಯಬೇಕು, ಕತ್ತಿ ತಾಗಿಸಬಾರದು. ಮೈಮೇಲೆ ಬಟ್ಟೆಯಿಲ್ಲದೆ ಹೋಗುವ ಕ್ರಮವೂ ಇತ್ತು. ಮನೆಗೆ ತಂದ ಕೆತ್ತೆಯನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿಯ ಜೊತೆ ಅರೆದು ರಸ ಹಿಂಡಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರೊಳಗೆ ಹಾಕಿದರೆ ಚುಂಯ್ ಎಂದು ಹೊಗೆಯೇಳುತ್ತದೆ. ಬರಿಹೊಟ್ಟೆಗೆ ಒಂದು ಸಣ್ಣ ಲೋಟ. ಕಹಿ ಎಂದರೆ ಗಂಟಲಿನಿಂದ ಕಿವಿಯವರೆಗೆ ಹತ್ತುವ ಕಹಿ. ಮಕ್ಕಳ ಕೈಗೆ ತಕ್ಷಣ ಬೆಲ್ಲದ ಚೂರು. ಆಮೇಲೆ ಎಲ್ಲರಿಗೂ ತೆಂಗಿನಹಾಲು ಹಾಕಿದ ಮೆಂತೆ ಗಂಜಿ, ಯಾಕೆಂದರೆ ಪಾಲೆ ಉಷ್ಣ, ಮೆಂತೆ ತಂಪು.

ಈ ಪಾಲೆಯನ್ನು ಘಟ್ಟದ ಮೇಲಿನವರು ಹಾಲೆ, ಮದ್ದಾಲೆ ಎನ್ನುತ್ತಾರೆ. ಸಂಸ್ಕೃತದಲ್ಲಿ ಸಪ್ತಪರ್ಣ. ಸಸ್ಯಶಾಸ್ತ್ರದಲ್ಲಿ ಆಲ್ಸ್ಟೋನಿಯಾ ಸ್ಕಾಲರಿಸ್. ಹಿಂದೆ ಅದರ ಹಲಗೆಯನ್ನು ಶಾಲೆಯಲ್ಲಿ ಬರೆಯಲು ಬಳಸುತ್ತಿದ್ದರಿಂದ ಬಂದ ಹೆಸರು. ತೊಗಟೆಯಲ್ಲಿ ಎಕಿಟಮೈನ್ ಮೊದಲಾದ ಆಲ್ಕಲಾಯ್ಡ್‌ಗಳಿವೆ. ಹಾಗಾಗಿ ಇದನ್ನು ದಿನಾ ಕುಡಿಯುವ ಮಾತಿಲ್ಲ. ವರ್ಷಕ್ಕೊಂದೇ ದಿನ, ಒಂದೇ ಲೋಟ, ಹಿಂದಿನಿಂದ ಗಂಜಿ. ಯಾವ ಚೀಟಿಯಲ್ಲೂ ಬರೆಯದ ಡೋಸು ಆಚರಣೆಯೊಳಗೇ ಕೂತಿತ್ತು.

ಆಚರಣೆ ಸಡಿಲವಾದಲ್ಲಿ ಡೋಸೂ ಸಡಿಲವಾಗುತ್ತದೆ. ಪೇಟೆಯ ಸಂಘಸಂಸ್ಥೆಗಳು ‘ಆಟಿಡೊಂಜಿ ದಿನ’ ಮಾಡಿ ಡ್ರಮ್ಮಿನಲ್ಲಿ ಕಷಾಯ ಹಂಚುತ್ತವೆ, ಬಾಟಲಿಯಲ್ಲಿ ಮನೆಗೂ ಕೊಂಡುಹೋಗಬಹುದು. ಕುಡಿಯುವವರಿಗೆ ಮರ ಗೊತ್ತಿರಬೇಕೆಂದಿಲ್ಲ. ಆಯುರ್ವೇದ ವೈದ್ಯರು ಪ್ರತಿ ಆಟಿಯಲ್ಲೂ ಎಚ್ಚರಿಸುವುದು ಈ ವಿಷಯಕ್ಕೇ: ಕತ್ತಲಲ್ಲಿ ಪಾಲೆಯೆಂದು ಕಾಸರಕನ ಮರಕ್ಕೆ ಕೈ ಹಾಕಿದರೆ ಕೆಟ್ಟಿತು. ಕಾಸರಕನ ಬೀಜ, ತೊಗಟೆ ಎರಡರಲ್ಲೂ ಇರುವುದು ಸ್ಟ್ರಿಕ್ನೀನ್ ಜಾತಿಯ ವಿಷ. ಪಾಲೆಗೆ ಗಾಯ ಮಾಡಿದರೆ ಬಿಳಿ ಹಾಲು ಒಸರುತ್ತದೆ, ಕಾಸರಕನಿಗೆ ಹಾಲಿಲ್ಲ. ಪಾಲೆಯ ಎಲೆ ಒಂದೇ ಗೆಣ್ಣಿನಲ್ಲಿ ಐದಾರು, ಏಳು ಸುತ್ತಿಕೊಂಡಿರುತ್ತವೆ, ಕಾಸರಕನದ್ದು ಎದುರುಬದುರು ಜೋಡಿ. ಹಳಬರು ಹಿಂದಿನ ದಿನವೇ ಹಗಲಲ್ಲಿ ಹೋಗಿ ಮರ ನೋಡಿ ಗುರುತು ಮಾಡಿ ಬರುತ್ತಿದ್ದರು ಎನ್ನುವುದರಲ್ಲಿ ಮರಕ್ಕೆ ಹೇಳಿ ಬರುವ ಭಕ್ತಿಯೂ ಇತ್ತು, ಜಾಗ್ರತೆಯೂ ಇತ್ತು.

ಬರಹದಲ್ಲಿ ಸಿಗುವ ಹಳೆಯ ಕುರುಹುಗಳು ಅರಮನೆಯವು, ಬಸದಿಯವು. ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಮರಗಿಡಗಳ ಆರೈಕೆ, ವೈದ್ಯ, ವಿಷಚಿಕಿತ್ಸೆಗಳ ನಡುವೆ ಸುಗಂಧದ್ರವ್ಯದ ತಯಾರಿಗೂ ಜಾಗವಿದೆ. ಗೃಹಸ್ಥನಿಗೆ ಬೇಕಾದ್ದೆಲ್ಲ ಒಂದೇ ಕಟ್ಟಿನಲ್ಲಿ ಎಂಬ ಧೋರಣೆ. ಇಂದಿನ ವಾರಪತ್ರಿಕೆಯ ದೀಪಾವಳಿ ಸಂಚಿಕೆಯೂ ಅದೇ ತಾನೆ. ನೂರು ವರ್ಷದ ನಂತರ ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಎಣ್ಣೆಸ್ನಾನವನ್ನು ಅರಸನ ಭೋಗಗಳಲ್ಲಿ ಒಂದಾಗಿ ಎಣಿಸಿದ. ಅದೇ 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಪೂಜ್ಯಪಾದರ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. ಜೈನ ವೈದ್ಯದ ನೇಮದಂತೆ ಅದರಲ್ಲಿ ಮದ್ಯ, ಮಾಂಸ, ಜೇನು ಮೂರಕ್ಕೂ ಜಾಗವಿಲ್ಲ. ಮಾತೆತ್ತಿದರೆ ಜೇನಿನಲ್ಲಿ ಕಲಸಿ ನೆಕ್ಕಿಸುವ ಆಯುರ್ವೇದದಲ್ಲಿ ಇದು ಸಣ್ಣ ತಿದ್ದುಪಡಿಯೇನಲ್ಲ. ಬಸದಿಗಳ ಈ ಸೀಮೆಯಲ್ಲಿ ಶ್ರಾವಕರ ಮನೆಯ ಮದ್ದಿಗೂ ಪಕ್ಕದ ಮನೆಯ ಮದ್ದಿಗೂ ಇಂಥ ಕೂದಲೆಳೆಯ ವ್ಯತ್ಯಾಸಗಳು ಇದ್ದೇ ಇರುತ್ತವೆ.

ಹೊರಗಿನವರ ಕಣ್ಣೂ ಬಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಹೊರತಂದ ‘ಹಾರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ ಆಂಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಅದರ ಹಿಂದೆ ಇದ್ದವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯ ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಮುಂದೆ ಬಾಸೆಲ್ ಮಿಶನಿನ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ತುಳು ನಿಘಂಟು ತಂದರು, ಕಿಟ್ಟೆಲ್ 1894ರಲ್ಲಿ ಕನ್ನಡದ್ದು. ಕಿಟ್ಟೆಲ್ಲರ ಪುಟಗಳಲ್ಲಿ ಗಿಡದ ಹೆಸರಿಗೆ ಲ್ಯಾಟಿನ್ ಹೆಸರು ಜೋಡಿಸಿರುವುದರಿಂದ ಇವತ್ತಿಗೂ ಅಜ್ಜಿ ಹೇಳಿದ ಬಳ್ಳಿ ಯಾವುದೆಂಬ ಜಗಳ ಬಿಡಿಸಲು ಅದು ಬೇಕಾಗುತ್ತದೆ. ಇಲ್ಲಿ ಹೆಸರೇ ದೊಡ್ಡ ತಕರಾರು. ಒಂದೆಲಗ ಇಲ್ಲಿ ತಿಮರೆ, ಮುರುಗಲು ಇಲ್ಲಿ ಪುನರ್ಪುಳಿ.

ಇವೆಲ್ಲ ಕಾಗದದ ಮಾತು. ಬಚ್ಚಲಿನ ಚರಿತ್ರೆ ಬೇರೆ.

ಸಾಬೂನು ಬರುವ ಮೊದಲು ತಲೆ ಮೀಯಲು ಸೀಗೆ, ಅಂಟುವಾಳ ಇದ್ದವು. ಅವೆರಡರಲ್ಲೂ ನೊರೆ ಕೊಡುವುದು ಸಪೋನಿನ್. ಆದರೆ ಕರಾವಳಿಯ ಮನೆಗಳಲ್ಲಿ ಅದಕ್ಕಿಂತ ಹತ್ತಿರದ್ದು ಬೇಲಿಯ ದಾಸವಾಳ. ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಎರಡು ಹಿಡಿ ಎಲೆ ಕೊಯ್ದು, ತಣ್ಣೀರಲ್ಲಿ ಹಾಕಿ ಕೈಯಿಂದ ಕಿವುಚಿದರೆ ಹತ್ತು ನಿಮಿಷದಲ್ಲಿ ಹಸಿರು ಲೋಳೆ ಬಿಡುತ್ತದೆ. ಇದೇ ಗೊಂಪು. ಸೋಸಿ ಚರಟ ಎಸೆಯಬೇಕು, ಇಲ್ಲವಾದರೆ ಕೂದಲಿನಲ್ಲಿ ಸಿಕ್ಕಿಕೊಂಡ ಎಲೆಚೂರು ಹೆಕ್ಕುವುದರಲ್ಲೇ ಮಧ್ಯಾಹ್ನವಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟ ತಲೆಗೆ ಇದನ್ನು ಹಾಕಿ ತಿಕ್ಕಿ ಹಂಡೆಯ ಬಿಸಿನೀರು ಹೊಯ್ದರೆ ಎಣ್ಣೆ ಹದವಾಗಿ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಸಾಮಾನ್ಯ ಸೋಪು ಕ್ಷಾರ, ಅದರ ಪಿಎಚ್ ಒಂಬತ್ತು ಹತ್ತರ ಹತ್ತಿರ. ಚರ್ಮ ಆಮ್ಲದ ಕಡೆಗಿದ್ದು ಸುಮಾರು ಐದು. ಸೀಗೆಯ ನೀರೂ ಹುಳಿಯ ಕಡೆಗೇ. ಲೋಳೆಗೆ ನುಣುಪು ಉಂಟು, ಕೊಳೆ ತೆಗೆಯುವ ಶಕ್ತಿ ಕಡಿಮೆ. ಪೇಟೆಯ ಹೊಗೆ, ಹೇರ್ ಜೆಲ್ಲಿಗೆ ಅದು ಸಾಲದು ಎನ್ನುವ ಮೊಮ್ಮಗಳ ಮಾತಿನಲ್ಲೂ ನ್ಯಾಯವಿದೆ.

ಮಳೆಗಾಲದಲ್ಲಿ ಕೆಸರುಗದ್ದೆಗೆ ಇಳಿಯುವ ಹೆಂಗಸರು ಕಾಲ್ಬೆರಳ ಸಂದಿಗೆ ಮದರಂಗಿ ಅರೆದು ಹಚ್ಚುತ್ತಿದ್ದರು. ಕೇಪುಳದ ಹೂ ಹಾಕಿ ಕಾಯಿಸಿದ ತೆಂಗಿನೆಣ್ಣೆ ಮಕ್ಕಳ ಮೈಯ ಕಜ್ಜಿಗೆ, ಪುನರ್ಪುಳಿ ಬೀಜದ ತುಪ್ಪ ಒಡೆದ ಹಿಮ್ಮಡಿಗೆ. ಹಲ್ಲಿಗೆ ಮಾವಿನೆಲೆ, ಉಮಿಕರಿ, ಉಪ್ಪು. ಆ ಉಮಿಕರಿ ಈಗ ಇದ್ದಿಲಿನ ಟೂತ್‌ಪೇಸ್ಟ್ ಎಂಬ ಹೆಸರಿನಲ್ಲಿ ದುಬಾರಿ ಬೆಲೆಗೆ ಮರಳಿದೆ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಸಮೀಕ್ಷೆ, ಇದ್ದಿಲು ಹಲ್ಲಿಗೆ ಒಳ್ಳೆಯದೆನ್ನಲು ಸಾಕಷ್ಟು ಪುರಾವೆ ಇಲ್ಲವೆಂದಿತು. ಅಜ್ಜನ ಹಲ್ಲು ಸವೆದಿದ್ದದ್ದು ನೋಡಿದವರಿಗೆ ಇದು ಹೊಸ ಸುದ್ದಿಯಲ್ಲ.

ಹಸುಗೂಸಿನ ಮದ್ದು ಮಾತ್ರ ಸೂಕ್ಷ್ಮ. ಬಜೆ, ಜಾಯಿಕಾಯಿ, ಅಳಲೆಕಾಯಿ, ಅರಿಶಿನ ಕೊಂಬುಗಳನ್ನು ಸಾಣೆಕಲ್ಲಿನ ಮೇಲೆ ಎದೆಹಾಲಿನಲ್ಲೋ ನೀರಿನಲ್ಲೋ ತೇಯ್ದು ನೆಕ್ಕಿಸುವ ಕ್ರಮದಲ್ಲಿ ಅಳತೆಯೆಂದರೆ ಸುತ್ತು. ಬಜೆ ಒಂದು ಸುತ್ತು, ಜಾಯಿಕಾಯಿ ಅರ್ಧ. ಗ್ರಾಮು ಮಿಲಿಗ್ರಾಮು ಇಲ್ಲದ ಕಾಲದ ತಕ್ಕಡಿ ಅದು. ಬಜೆಯಲ್ಲಿರುವ ಬೀಟಾ ಅಸರೋನಿನ ಕಾರಣಕ್ಕೆ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಆರು ತಿಂಗಳವರೆಗೆ ತಾಯಿಹಾಲಲ್ಲದೆ ಬೇರೇನೂ ಬೇಡ ಎನ್ನುವುದು ಮಕ್ಕಳ ವೈದ್ಯರ ಮಾತು. ಸುತ್ತಿನ ಲೆಕ್ಕ ಬಲ್ಲ ಕೈಗಳು ಕಡಿಮೆಯಾಗಿ, ಬಜೆಯ ಪುಡಿ ಡಬ್ಬದಲ್ಲಿ ಚಮಚದ ಜೊತೆ ಸಿಗುವ ಈ ಕಾಲದಲ್ಲಿ ವೈದ್ಯರ ಮಾತೇ ಮೇಲು.

ಕಾರ್ಖಾನೆಯ ಕಥೆ ಮೊದಲ ಮಹಾಯುದ್ಧದಿಂದ ಶುರು. ಹಡಗು ನಿಂತು ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗದೆ ರಾಶಿಬಿದ್ದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ 1916ರಲ್ಲಿ ಗಂಧದೆಣ್ಣೆ ತೆಗೆಯಿಸತೊಡಗಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹುಟ್ಟಿತು. ನಂಜನಗೂಡಿನಲ್ಲಿ ಬಿ.ವಿ. ಪಂಡಿತರು 1913ರಲ್ಲಿ ತೆರೆದ ಸದ್ವೈದ್ಯಶಾಲೆಯ ಹಲ್ಲುಪುಡಿ ಅದಾಗಲೇ ಹೊರಟಿತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ್ದು, ಆದರೂ ಹಲ್ಲುಪುಡಿಗೆ ಗಡಿಯಿಲ್ಲ. 1980ರ ದಶಕದಲ್ಲಿ ತಮಿಳುನಾಡಿನಿಂದ ಶಾಂಪೂ ಸ್ಯಾಶೆ ಬಂದು ಗೂಡಂಗಡಿಯ ಎದುರು ಮಾಲೆಯಾಗಿ ನೇತಾಡಿದ ಮೇಲೆ ಬೇಲಿಯ ದಾಸವಾಳ ದೇವರ ತಲೆಗಷ್ಟೇ ಉಳಿಯಿತು. ಶಾಂಪೂ ಎಂಬ ಮಾತೇ ಹಿಂದಿಯ ಚಂಪಿಯಿಂದ, ಅಂದರೆ ಮಾಲೀಸಿನಿಂದ, ಹೋದದ್ದು. ಪಟ್ನಾದ ಶೇಖ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಎರಡು ಶತಮಾನದ ಹಿಂದೆ ಅದನ್ನು ಉದ್ಯೋಗ ಮಾಡಿಕೊಂಡಿದ್ದ.

ಓದು ಬರಹದ ಕಡೆಗೂ ಮದ್ದು ಸಾಗಿತು. ಉಡುಪಿಯಲ್ಲಿ 1958ರಲ್ಲಿ ಆಯುರ್ವೇದ ಕಾಲೇಜು, ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು. ಮಣ್ಣಿನ ಪಟ್ಟಿ, ಹಬೆಸ್ನಾನ ಪದವಿಯ ಪಠ್ಯವಾದವು. ಪುತ್ತೂರು ಕಡೆಯ ಪಾಣಾಜೆಯಲ್ಲಿ ಪಿ.ಎಸ್. ವೆಂಕಟರಾಮ ದೈತೋಟ, ಜಯಲಕ್ಷ್ಮೀ ದೈತೋಟ ದಂಪತಿ ಹಿತ್ತಿಲ ಸೊಪ್ಪು ತಂಬುಳಿಗಳ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಿದರು. ಇದೇ ಹೊತ್ತಿಗೆ ಅರಿಶಿನ ಅಮೆರಿಕದ ಪೇಟೆಂಟ್ ಕಚೇರಿ ಹತ್ತಿತ್ತು. ಗಾಯಕ್ಕೆ ಅರಿಶಿನ ಹಚ್ಚುವುದು ಹೊಸ ಶೋಧವೆಂದು ಮಿಸಿಸಿಪಿ ವಿಶ್ವವಿದ್ಯಾಲಯಕ್ಕೆ 1995ರಲ್ಲಿ ಸಿಕ್ಕಿದ ಪೇಟೆಂಟನ್ನು ನಮ್ಮ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ, ಅಚ್ಚಾದದ್ದು ಬೇಕು. ಬರೆದಿಡುವ ಕೆಲಸಕ್ಕೆ ಅಲ್ಲಿಂದ ಬೆಲೆ ಬಂತು.

ಅಳತೆ ಕೈತಪ್ಪಿದ್ದು 2020ರಲ್ಲಿ. ಕೊರೋನಾ ಬಂದಾಗ ಆಯುಷ್ ಸಚಿವಾಲಯ ತುಳಸಿ, ದಾಲ್ಚಿನ್ನಿ, ಕಾಳುಮೆಣಸು, ಶುಂಠಿಯ ಕಷಾಯ ಕುಡಿಯಿರಿ ಎಂದಿತು. ಜನ ಅದಕ್ಕೆ ಅಮೃತಬಳ್ಳಿಯನ್ನೂ ಸೇರಿಸಿ ತಿಂಗಳುಗಟ್ಟಲೆ ಕುಡಿದರು. ಜ್ವರ ಬಂದಾಗ ಎರಡು ದಿನ ಕುಡಿಯುವ ಬಳ್ಳಿ ಅದು. ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಏಟು ಬಿದ್ದ ಆರು ರೋಗಿಗಳ ವಿವರವನ್ನು ಮುಂಬೈಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಸಚಿವಾಲಯ ಒಪ್ಪಲಿಲ್ಲ, ಬಳ್ಳಿಯ ಗುರುತೇ ತಪ್ಪಿರಬಹುದೆಂದಿತು. ಪಾಲೆ, ಕಾಸರಕನ ಅದೇ ತಕರಾರು ಇನ್ನೊಂದು ವೇಷದಲ್ಲಿ.

ಈಗಿನ ಹೊಸ ಅಧ್ಯಾಯ ಮನೆಯಲ್ಲೇ ಕಾಯಿಸುವ ಸೋಪು. ಧರ್ಮಸ್ಥಳದ ಲಕ್ಷದೀಪೋತ್ಸವದಂಥ ಜಾತ್ರೆ, ಮೇಳಗಳ ಮಳಿಗೆಯಲ್ಲಿ ತೆಂಗಿನೆಣ್ಣೆ, ಪುನರ್ಪುಳಿ ತುಪ್ಪ, ಅರಿಶಿನದ ಸೋಪುಗಳು ಕಾಣಸಿಗುತ್ತವೆ. ‘ಕೆಮಿಕಲ್ ಇಲ್ಲ’ ಎಂಬ ಚೀಟಿ ಕೆಲವಕ್ಕೆ. ಒಂದು ಕಿಲೋ ತೆಂಗಿನೆಣ್ಣೆ ಸೋಪಾಗಲು ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಬೇಕು, ಅದಿಲ್ಲದೆ ಎಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹೊಯ್ದರೆ ಮುಖಕ್ಕೆ ಎಗರುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಗಾಳಿಗಿಡಬೇಕು. ಕರಾವಳಿಯ ಮಳೆಗಾಲದಲ್ಲಿ ಆ ಆರು ವಾರ ಆರುವುದೇ ಇಲ್ಲ, ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಹೀರಿ ಬೆವರುತ್ತದೆ. ಮಾರುವುದಾದರೆ ಪರವಾನಗಿಯೂ ಬೇಕು: 1940ರ ಔಷಧ ಮತ್ತು ಪ್ರಸಾಧನ ಕಾಯ್ದೆ, ಅದರ ಮೇಲೆ 2020ರ ಪ್ರಸಾಧನ ನಿಯಮಗಳು. ಸ್ವಸಹಾಯ ಸಂಘದ ಮಹಿಳೆಯರು ಕಾಯಿಸುವ ಸೋಪಿಗೂ ದೊಡ್ಡ ಕಂಪೆನಿಯದಕ್ಕೂ ಕಾನೂನು ಒಂದೇ.

ಗೊಂಪನ್ನು ಮಾತ್ರ ಯಾರೂ ಸೀಸೆಗೆ ತುಂಬಿಸಲಿಲ್ಲ. ಬೆಳಿಗ್ಗೆ ಕಿವುಚಿದ ಲೋಳೆ ಸಂಜೆಗೆ ಹುಳಿವಾಸನೆ ಬರುತ್ತದೆ, ಕೆಡದಂತೆ ಇಡಲು ಪ್ರಿಸರ್ವೇಟಿವ್ ಬೇಕು. ಹಾಗಾಗಿ ಅಂಗಡಿಯಲ್ಲಿ ದಾಸವಾಳದ ಪುಡಿ ಸಿಗುತ್ತದೆ, ದಾಸವಾಳದ ಚಿತ್ರವಿರುವ ಶಾಂಪೂ ಸಿಗುತ್ತದೆ. ಲೋಳೆ ಬೇಕಾದವರು ಬೇಲಿಗೇ ಹೋಗಬೇಕು. ಬೇಲಿ ಇದ್ದ ಎಷ್ಟೋ ಕಡೆ ಈಗ ಕೆಂಪುಕಲ್ಲಿನ ಪಾಗಾರ ಎದ್ದಿದೆ; ಗೇಟಿನ ಪಕ್ಕದ ಚಟ್ಟಿಯಲ್ಲಿ ನರ್ಸರಿಯಿಂದ ತಂದ, ಹೂ ದೊಡ್ಡದಾಗಿ ಎಲೆ ಗಿಡ್ಡವಾದ ಕಸಿ ದಾಸವಾಳ.