ನುಡಿಯ ಸ್ವಾತಂತ್ರ್ಯ ಮತ್ತು ಅದರ ಎಲ್ಲೆ

ಸಂವಿಧಾನದ 19(1)(ಎ) ವಿಧಿಯು ನಾಗರಿಕರಿಗೆ ವಾಕ್ ಸ್ವಾತಂತ್ರ್ಯವನ್ನು ನೀಡಿದೆ; 19(2) ಅದರ ಎಲ್ಲೆಗಳನ್ನು ಹೇಳಿದೆ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮೊದಲಾದವು ಅಲ್ಲಿವೆ. ಆಳುವವರಿಗಾಗುವ ಮುಜುಗರ ಅಲ್ಲಿಲ್ಲ.

ಪುತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಡಾ. ಶಿವರಾಮ ಕಾರಂತರು, ಅಸ್ಪೃಶ್ಯನಿಗೆ ಉಳುವ ನೆಲವನ್ನು ನಿರಾಕರಿಸಿದ ಸಮಾಜಕ್ಕೆ ‘ಚೋಮನ ದುಡಿ’ಯಲ್ಲಿ ಕನ್ನಡಿ ಹಿಡಿದರು. 1975ರಲ್ಲಿ ತುರ್ತು ಪರಿಸ್ಥಿತಿ ಬಂದು ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಾಗ, 1968ರಲ್ಲಿ ದೊರೆತಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಅವರ ನುಡಿ ಕಟುವಾಗಿತ್ತು. ಆದರೆ ಹೆಸರು ಮರೆಸಿ ಆಡಿದ್ದಲ್ಲ. ಕಟುನುಡಿ ಶರಣ ಪರಂಪರೆಗೂ ಹೊಸದಲ್ಲ. ಅಲ್ಲಮಪ್ರಭುಗಳ ಕಠಿಣ ಪ್ರಶ್ನೆಗಳನ್ನೂ ಅಕ್ಕಮಹಾದೇವಿಯ ದಿಟ್ಟ ಉತ್ತರಗಳನ್ನೂ ಶೂನ್ಯಸಂಪಾದನೆ ಒಟ್ಟಿಗೇ ಉಳಿಸಿಕೊಂಡಿದೆ. ಆದುದರಿಂದ ಮಠಗಳೂ ಟೀಕೆಗೆ ಹೊರತಲ್ಲವೆಂದು ನಾವು ಭಾವಿಸುತ್ತೇವೆ.

ಇಂದು ಪುತ್ತೂರು, ಸುಳ್ಯ, ಕಡಬಗಳಲ್ಲಿ ಯಾರದೆಂದು ತಿಳಿಯದ ಮಾತು ಮೊಬೈಲಿನ ಮೂಲಕ ಕ್ಷಣದಲ್ಲಿ ಮನೆಮನೆಯನ್ನು ಸೇರುತ್ತದೆ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ವೈರ ಬಿತ್ತುವುದು ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಡಿ ಅಪರಾಧ. ಅಂತಹ ಮಾತನ್ನೂ ಕಾರಂತರ ಕಟುನುಡಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾವು ಒಪ್ಪುವುದಿಲ್ಲ.