ಯಕ್ಷಗಾನ ಗೊಂಬೆಯಾಟ

ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ, ಯಕ್ಷಗಾನವನ್ನು ಸೂತ್ರದ ಗೊಂಬೆಗಳಿಂದ ಆಡಿಸುವ ಕರಾವಳಿಯ ರಂಗಕಲೆ. ಉಡುಪಿ ಜಿಲ್ಲೆ ಕುಂದಾಪುರ ತಾಲ್ಲೂಕಿನ ಉಪ್ಪಿನಕುದ್ರು ಇದರ ಮುಖ್ಯ ನೆಲೆ. ಅಲ್ಲಿನ ಕಾಮತ್ ಮನೆತನದ ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ಇದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಕಡಲು ಹಾರುವ ಕೋತಿ, ಹತ್ತು ತಲೆಯ ರಾಕ್ಷಸ, ಗರ್ವದಿಂದ ಮಾತಾಡುವ ಗರುಡ ಇರುವ ಈ ಆಟಕ್ಕೆ ಓಡಿಬಂದು ಮುಂದಿನ ಸಾಲು ಹಿಡಿಯುವವರು ಮಕ್ಕಳು. ಆದರೆ ಇದು ಮಕ್ಕಳಿಗೆಂದೇ ಕಟ್ಟಿದ ಆಟವಲ್ಲ. ಪ್ರಸಂಗ, ಪದ್ಯ, ಅರ್ಥ, ಚೆಂಡೆ ಯಾವುದನ್ನೂ ಗೊಂಬೆಗೆಂದು ಹಗುರ ಮಾಡಿಲ್ಲ. ಕಿರಿದಾದದ್ದು ವೇಷದ ಎತ್ತರವೊಂದೇ. ಚಿಕ್ಕವರೂ ದೊಡ್ಡವರೂ ಒಂದೇ ಚಾಪೆಯ ಮೇಲೆ ಕುಳಿತು ನೋಡುವಂತಾಗಿರುವುದಕ್ಕೆ ಇದೇ ಕಾರಣ.

ವಾರಾಹಿ ನದಿ ಘಟ್ಟ ಇಳಿದು ಹಾಲಾಡಿಯ ಸೀಮೆ ಹಾದು, ಬಸ್ರೂರನ್ನು ಬಳಸಿ ಕುಂದಾಪುರದ ಅಳಿವೆ ಸೇರುತ್ತದೆ. ಊರಿನವರ ಬಾಯಲ್ಲಿ ಇದು ಹಾಲಾಡಿ ಹೊಳೆ. ಸೌಪರ್ಣಿಕಾ, ಚಕ್ರಾ ಮುಂತಾದ ಹೊಳೆಗಳೂ ಕೂಡುವ ಈ ಪಂಚಗಂಗಾವಳಿಯ ಹಿನ್ನೀರಿನಲ್ಲೇ ಉಪ್ಪಿನಕುದ್ರು ಇದೆ. ಹೊಳೆಯ ಉದ್ದಕ್ಕೂ ಇದು ಆಟದ ನಾಡು. ಹಾಲಾಡಿಗೆ ಅದರದೇ ಯಕ್ಷಗಾನ ಮೇಳವಿದೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳೂ ಇದೇ ಸೀಮೆಯವು. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಗದ್ದೆಯ ಬಯಲಿನಲ್ಲಿ, ಮನೆಯಂಗಳದಲ್ಲಿ ಹರಕೆಯ ಆಟಗಳು ನಡೆಯುತ್ತಲೇ ಇರುತ್ತವೆ. ಇಲ್ಲಿ ಬೆಳೆದ ಮಗುವಿಗೆ ಹನುಮಂತನ ಕಥೆ ಪುಸ್ತಕದಿಂದ ಬರುವುದಿಲ್ಲ, ಚೆಂಡೆಯ ಪೆಟ್ಟಿನೊಂದಿಗೆ ಬರುತ್ತದೆ. ಗೊಂಬೆಯಾಟ ಹುಟ್ಟಿ ಉಳಿದದ್ದು ಇಂಥ ಪ್ರೇಕ್ಷಕರ ನಡುವೆ. ಗೊಂಬೆ ತಪ್ಪು ಹೆಜ್ಜೆ ಇಟ್ಟರೆ ಹಿಡಿದು ಹೇಳಬಲ್ಲ ಅಜ್ಜ, ಅಜ್ಜಿಯಂದಿರು ಇಲ್ಲಿದ್ದಾರೆ.

ಕಾಮತ್ ಮನೆತನ ತನ್ನ ಗೊಂಬೆಯಾಟಕ್ಕೆ ಮುನ್ನೂರು ವರ್ಷಕ್ಕೂ ಮಿಕ್ಕ ಪರಂಪರೆಯಿದೆ ಎಂದು ಹೇಳುತ್ತದೆ. ಇದನ್ನು ಕರಾವಳಿಯಾಚೆಗೆ ಪರಿಚಯಿಸಿದವರು ಕೊಗ್ಗ ದೇವಣ್ಣ ಕಾಮತ್ (1921–2003). 1980ರಲ್ಲಿ ಅವರಿಗೆ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರ ನಂತರ ಮಗ ಭಾಸ್ಕರ ಕೊಗ್ಗ ಕಾಮತ್ ಮಂಡಳಿಯನ್ನು ಮುನ್ನಡೆಸಿ ಹೊರದೇಶಗಳಲ್ಲೂ ಪ್ರದರ್ಶನ ಕೊಟ್ಟಿದ್ದಾರೆ.

ಗೊಂಬೆಗಳು ಹಗುರ ಮರದವು, ಒಂದೂವರೆ–ಎರಡು ಅಡಿ ಎತ್ತರದವು. ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲು. ಐದರಿಂದ ಏಳು ದಾರ ಮೇಲಿನ ಹಿಡಿಕೆಗೆ ಹೋಗುತ್ತವೆ. ತೊಡಿಗೆ ಪೂರಾ ಬಡಗಿನದು. ಎಳೆಯ ವೀರನಿಗೆ ಕೇದಗೆ ಮುಂದಲೆ, ಪ್ರಾಯದ ರಾಜನಿಗೆ ಮುಂಡಾಸು, ರಾಕ್ಷಸನಿಗೆ ಬಣ್ಣದ ಮುಖ ಮತ್ತು ದೊಡ್ಡ ಕಿರೀಟ. ಎದೆಕಟ್ಟು, ಭುಜಕೀರ್ತಿ, ವೀರಗಾಸೆ ಎಲ್ಲವೂ ಅಳತೆಗೆ ತಕ್ಕಂತೆ. ಬಣ್ಣದ ವೇಷದವನು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಮನೆಯಲ್ಲಿ, ಗಂಟೆಗಟ್ಟಲೆ ಕುಳಿತು ಮುಖ ಬರೆದುಕೊಳ್ಳಬೇಕು. ಗೊಂಬೆಯ ಮುಖ ಒಮ್ಮೆ ಬರೆದರೆ ಆಯಿತು, ಅದು ಬದಲಾಗುವುದಿಲ್ಲ. ಅನುಕೂಲವೂ ಅದೇ, ಕಷ್ಟವೂ ಅದೇ. ಕಣ್ಣು, ಹುಬ್ಬು, ತುಟಿ ಅಲುಗದ ಪಾತ್ರದ ಸಿಟ್ಟು, ನಾಚಿಕೆ, ಅಳು ಎಲ್ಲವನ್ನೂ ಕತ್ತಿನ ಓರೆಯಲ್ಲಿ, ಕೈಯ ಬಾಗಿನಲ್ಲಿ, ಒಂದು ಕ್ಷಣ ತಡೆದು ನಿಲ್ಲುವುದರಲ್ಲಿ ತರಬೇಕಾಗುತ್ತದೆ.

ಆಡಿಸುವವರು ಕಪ್ಪು ಪರದೆಯ ಹಿಂದೆ ನಿಂತಿರುತ್ತಾರೆ. ಅವರಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಹೆಜ್ಜೆ. ಮನುಷ್ಯ ಕುಣಿದಾಗ ನೆಲವೇ ಕಾಲನ್ನು ತಡೆಯುತ್ತದೆ, ಮೈಭಾರ ತಾಳಕ್ಕೆ ಒದಗುತ್ತದೆ. ಗೊಂಬೆಗೆ ಭಾರವಿಲ್ಲ. ದಾರ ಕೂದಲೆಳೆಯಷ್ಟು ಸಡಿಲವಾದರೆ ಮಂಡಿ ಕುಸಿಯುತ್ತದೆ, ಬಿಗಿಯಾದರೆ ಪಾದ ಗಾಳಿಯಲ್ಲಿ ತೇಲುತ್ತದೆ. ಚೆಂಡೆಯ ಘಾತ ಬೀಳುವ ಆ ಗಳಿಗೆಗೆ ಸರಿಯಾಗಿ ಪಾದ ಹಲಗೆಗೆ ತಾಗಬೇಕು. ಒಡ್ಡೋಲಗದ ನಡೆ, ಯುದ್ಧದ ಕುಣಿತ, ಮಂಡಿಯೂರಿ ತಿರುಗುವ ಸುತ್ತು ಇವೆಲ್ಲ ಗೊಂಬೆಗೂ ಉಂಟು. ಕಷ್ಟದ ಚಲನೆಗೆ ಇಬ್ಬರು ಮೂವರು ಸೇರಿ ಒಂದೇ ಗೊಂಬೆಯನ್ನು ಆಡಿಸುವುದೂ ಇದೆ. ಅಷ್ಟು ಕೈಗಳು ಪದ್ಯ ಹಾಡುವ ಒಬ್ಬರೇ ಭಾಗವತರ ತಾಳಕ್ಕೆ ಒಟ್ಟಿಗೆ ಸ್ಪಂದಿಸಬೇಕು. ಆದ್ದರಿಂದ ಕೈಚಳಕವೊಂದನ್ನೇ ಕಲಿತವನು ಇಲ್ಲಿ ಸಲ್ಲುವುದಿಲ್ಲ, ಯಕ್ಷಗಾನದ ತಾಳ ಅವನ ಮೈಗೆ ಹತ್ತಿರಬೇಕು.

ಮಂಡಳಿಗೆ ಹೆಚ್ಚು ಹೆಸರು ತಂದ ಪ್ರಸಂಗಗಳಲ್ಲಿ ‘ಚೂಡಾಮಣಿ–ಲಂಕಾದಹನ’ ಒಂದು. ಮಕ್ಕಳು ಕಾಯುವುದು ಹನುಮಂತನಿಗೆ. ಬಯಲಾಟದಲ್ಲಿ ವೇಷಧಾರಿ ಕಡಲು ದಾಟುವುದನ್ನು ಕುಣಿದು, ಅಭಿನಯಿಸಿ ತೋರಿಸಬೇಕು. ನೋಡುವವರು ಉಳಿದದ್ದನ್ನು ಊಹಿಸಿಕೊಳ್ಳಬೇಕು. ಗೊಂಬೆಗೆ ನೆಲದ ಹಂಗಿಲ್ಲ. ನೆಲ ಬಿಟ್ಟು ಮೇಲೇಳುವ ಹನುಮಂತನನ್ನು ಕಂಡಾಗ ಎಳೆಯರ ಸಾಲು ಎದ್ದೇ ನಿಲ್ಲುತ್ತದೆ. ಅದ್ಭುತದ ಕಥೆಗೆ ಗೊಂಬೆ ಮನುಷ್ಯನಿಗಿಂತ ಹೆಚ್ಚು ಒಗ್ಗುವುದು ಇಂಥ ಕಡೆ. ಆದರೆ ಅದೇ ಆಟದ ಅಶೋಕವನದಲ್ಲಿ ಗೊಂಬೆಗಳು ಹೆಚ್ಚು ಅಲುಗುವುದಿಲ್ಲ. ಸೀತೆ ಮತ್ತು ರಾವಣರ ಮಾತು, ಹನುಮಂತನನ್ನು ನಂಬಬೇಕೋ ಬೇಡವೋ ಎಂಬ ಅವಳ ಅಳುಕು, ಉಂಗುರ ಕಂಡ ಮೇಲಿನ ಅವಳ ಮೌನ, ಗುರುತಿಗೆಂದು ಚೂಡಾಮಣಿಯನ್ನು ಬಿಚ್ಚಿಕೊಡುವ ಹೊತ್ತು, ಇವು ದೊಡ್ಡವರಿಗೆ ಸೇರಿದ ಭಾಗ. ಅರ್ಥ ಹೇಳುವವರು ಬಲ್ಲವರಾದರೆ ಇಲ್ಲಿ ಸಭೆ ಸದ್ದಿಲ್ಲದೆ ಕೂರುತ್ತದೆ. ಬಾಲಕ್ಕೆ ಬೆಂಕಿ ಬೀಳಲೆಂದು ಕಾದಿದ್ದ ಮಗುವಿನ ಕಿವಿಗೂ ಆ ಮಾತು ಬಿದ್ದಿರುತ್ತದೆ. ಇನ್ನೊಂದು ವಯಸ್ಸಿನಲ್ಲಿ ಅದೇ ಆಟ ನೋಡಿದಾಗ ಅದು ಬೇರೆ ತೂಕದಲ್ಲಿ ಕೇಳಿಸುತ್ತದೆ.

ಒಂದು ಪ್ರಸಂಗ ಮತ್ತೊಂದಕ್ಕೆ ಕೊಂಡಿಯಾಗಿರುವುದೂ ಯಕ್ಷಗಾನದ ಗುಣ. ಇಡೀ ರಾತ್ರಿಯ ಆಟದಲ್ಲಿ ಎರಡು ಮೂರು ಪ್ರಸಂಗ ಜೋಡಿಸುವುದು ವಾಡಿಕೆ. ಇಂದಿನ ಆಟಕ್ಕೆ ಹಿಂದೇನಾಯಿತು, ಮುಂದೇನಾಗುತ್ತದೆ ಎಂಬುದು ನೋಡುವವರಿಗೆ ಗೊತ್ತಿರುತ್ತದೆ. ಹಾಗೆ ನೋಡಿದರೆ ಟಿವಿಯ ಕಂತುಗಳಿಗಿಂತ ಬಹಳ ಮೊದಲೇ ಈ ಸೀಮೆಯ ಮಕ್ಕಳಿಗೆ ಧಾರಾವಾಹಿಯ ರುಚಿ ಹತ್ತಿತ್ತು.

ಯಕ್ಷಗಾನದಲ್ಲಿ ಮಕ್ಕಳು ನೋಡುವವರಾಗಿಯಷ್ಟೇ ಉಳಿದಿಲ್ಲ. ನವರಾತ್ರಿಯಲ್ಲಿ ಹೂವಿನಕೋಲು ಹಿಡಿದು ಹುಡುಗರು ಭಾಗವತರೊಂದಿಗೆ ಮನೆಮನೆಗೆ ಹೋಗುತ್ತಿದ್ದರು. ಚಾವಡಿಯಲ್ಲಿ ಎದುರುಬದುರು ಕುಳಿತು ಕೃಷ್ಣನಾಗಿ, ಅರ್ಜುನನಾಗಿ ಅರ್ಥ ಹೇಳುತ್ತಿದ್ದರು. 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಪುಟ್ಟವರಿಗೆ ಗೆಜ್ಜೆ ಕಟ್ಟಿಸಿ ರಂಗಕ್ಕೆ ತಂದಿತು. ಅಲ್ಲೂ ಪಾತ್ರಗಳನ್ನು ಮಕ್ಕಳಿಗೆಂದು ಸಣ್ಣದು ಮಾಡಲಿಲ್ಲ.

ಇಂದಿನ ಮಕ್ಕಳು ನೋಡುವ ಅನಿಮೇಷನ್ ಸಿನಿಮಾಕ್ಕೂ ಗೊಂಬೆಯಾಟಕ್ಕೂ ನಂಟು ಹಳೆಯದು. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಅರೇಬಿಯನ್ ಕಥೆಗಳ ರಾಜಕುಮಾರ ಅಹಮದನನ್ನು ಚಿತ್ರವಾಗಿಸಿದ್ದು ಕತ್ತರಿಸಿದ ಕಾಗದದ ನೆರಳುಗಳಿಂದ. ಇಂದು ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅದೇ ಹಳೆಯದು. ನಮ್ಮ ತೊಗಲು ಗೊಂಬೆಯವರಿಗೆ ಆ ಚಿತ್ರ ಅಪರಿಚಿತವೆನಿಸಲಾರದು. ಚೆಕ್ ನಾಡಿನ ಯಿರ್ಜಿ ಟ್ರಂಕಾ ಗೊಂಬೆಗಳನ್ನೇ ಬಳಸಿ 1959ರಲ್ಲಿ ಶೇಕ್ಸ್‌ಪಿಯರನ ನಡುಬೇಸಗೆಯ ಕನಸಿನ ನಾಟಕವನ್ನು ತೆರೆಗೆ ತಂದರು.

ಟಿವಿಯ ಕಾಲದಲ್ಲಿ ಕರಾವಳಿಯ ಮನೆಗಳಿಗೂ ಕಾರ್ಟೂನು ಬಂತು. 2008ರಲ್ಲಿ ‘ಛೋಟಾ ಭೀಮ್’ ಶುರುವಾಯಿತು, 2009ರಲ್ಲಿ ಕನ್ನಡದ ಮಕ್ಕಳ ವಾಹಿನಿ ಚಿಂಟು ಟಿವಿ ಬಂತು. ಅಮೆರಿಕದಲ್ಲಿ 2005ರಿಂದ 2008ರವರೆಗೆ 61 ಕಂತುಗಳಲ್ಲಿ ಬಂದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಮಕ್ಕಳ ವಾಹಿನಿಯ ಸರಣಿಯಾದರೂ ಯುದ್ಧ, ಅಪರಾಧ, ಕ್ಷಮೆಗಳನ್ನು ನೇರವಾಗಿ ಮುಟ್ಟಿ ಹಿರಿಯರ ಮೆಚ್ಚುಗೆ ಪಡೆಯಿತು. ನಮ್ಮಲ್ಲಿ ಆ ಧೈರ್ಯದ ಕಾರ್ಟೂನು ಕಡಿಮೆ. ಭೀಮ, ಕೃಷ್ಣ, ಹನುಮರನ್ನು ಮುದ್ದುಮಗುವಾಗಿಸಿ ಅವರ ಸಂಕಟಗಳನ್ನು ಬದಿಗಿಟ್ಟವೇ ಹೆಚ್ಚು. ಉಪ್ಪಿನಕುದ್ರಿನ ಗೊಂಬೆ ಹಾಗಲ್ಲ. ನರಕಾಸುರ ಸಾಯುವಾಗ ಸಾಯುತ್ತಾನೆ, ಗರುಡನ ಗರ್ವ ಮುರಿಯುವಾಗ ಅವನ ನಾಚಿಕೆಯೂ ರಂಗದ ಮೇಲೆ ಕಾಣುತ್ತದೆ.

ಉಪ್ಪಿನಕುದ್ರಿನಲ್ಲಿ ಈಗ ಗೊಂಬೆಮನೆ ಎಂಬ ಕಟ್ಟಡವಿದೆ, ಅಲ್ಲಿ ತಿಂಗಳ ಕಾರ್ಯಕ್ರಮಗಳು ನಡೆದುಕೊಂಡು ಬಂದಿವೆ. ನೋಡಲು ಹೋಗುವವರು ಮೊದಲ ಸಾಲನ್ನು ಮಕ್ಕಳಿಗೆ ಬಿಟ್ಟು ಸ್ವಲ್ಪ ಹಿಂದೆ ಕುಳಿತರೆ ಒಳ್ಳೆಯದು. ತುಸು ದೂರದಿಂದ ನೋಡಿದಾಗ ದಾರಗಳು ಕಣ್ಣಿಗೆ ಬೀಳುವುದಿಲ್ಲ. ಎತ್ತರದ ಅಳತೆ ಮರೆತುಹೋಗಿ ಗೊಂಬೆ ಆಳೆತ್ತರದ ವೇಷವಾಗಿಯೇ ಕಾಣತೊಡಗುತ್ತದೆ.